ಹಳೆಯ ತುದಿ

ರಾತ್ರಿ ಒಂದೂವರೆ. ಈ ನೆಲಮಾಳಿಗೆಗೆ ಕಿಟಕಿಯಿಲ್ಲ.
ಸ್ಟ್ರಾಸ್‌ಬರ್ಗ್‌ನ ಕೊನೆಯ ಟ್ರಾಮು ಹೋದದ್ದು ತಿಳಿದದ್ದು
ಪರದೆಯ ಮೇಲಿನ ಚಿತ್ರ ಒಮ್ಮೆ ನಡುಗಿದ್ದರಿಂದ.
ಗಾಜಿನ ಮೇಲೆ, ಜೀರಿಗೆ ಚೆಲ್ಲಿದ ಹಾಗೆ,
ಎರಡು ಮೈಕ್ರಾನು ಉದ್ದದ ನೂರಾರು ಜೀವ.

ಪ್ರಶ್ನೆ ಸಣ್ಣದು. ಮೂರು ವರ್ಷದಿಂದ ನನ್ನನ್ನು ತಿನ್ನುತ್ತಿದೆ:
ಕಬ್ಬಿಣ ಹಿಡಿಯುವ ಇಕ್ಕಳವನ್ನು ಇವು
ಮೈಯೊಳಗೆ ಎಲ್ಲಿ ಕೂತು ಮಾಡುತ್ತವೆ?

ಶಾಲೆಯಲ್ಲಿ ಹೇಳಿಕೊಟ್ಟ ಜೀವಕೋಶ ಸಾರು ತುಂಬಿದ ಚೀಲ;
ಕಿಣ್ವಗಳು ಬೇಳೆಯಂತೆ ತೇಲುತ್ತಿದ್ದವು,
ಯಾರಿಗೆ ಯಾರು ಸಿಕ್ಕರೆ ಅವರು.
ಹತ್ತಾರು ಕೈ ದಾಟಬೇಕಾದ ಕೆಲಸ ಹಾಗೆ ನಡೆದೀತೆ?
ಜಾತ್ರೆಯ ನೂಕುನುಗ್ಗಲಲ್ಲಿ ಗಡಿಯಾರ ಜೋಡಿಸಿದ ಹಾಗೆ.
ಅದಕ್ಕೇ ಕಿಣ್ವದ ಬೆನ್ನಿಗೆ
ಒಂದು ಕೆಂಪು ದೀಪ ಕಟ್ಟಿ ಒಳಗೆ ಬಿಟ್ಟಿದ್ದೇವೆ.

ನೋನ್ನೊ ಎಲಿಯೊನ ಹಣೆಯ ಮೇಲೂ ಒಂದಿತ್ತು.
ಅವನು ಬೆರ್ಗಾಮೋ ಕಡೆಯ ಹುಡುಗ,
ಹದಿನಾರಕ್ಕೆ ಲೊರೇನಿನ ಗಣಿಗೆ ಇಳಿದ.
ಐವತ್ತಕ್ಕೆ ಮೇಲೆ ಬಂದ, ತಾನಾಗಿ ಅಲ್ಲ.
ಬ್ರೆಜಿಲ್‌ನಿಂದ, ಮಾರಿಟೇನಿಯಾದಿಂದ ಹಡಗು ಬಂತು,
ಅಗ್ಗದ ಅದಿರು, ಬೇಕಾದಷ್ಟು.
ಒಂದು ಶುಕ್ರವಾರ ಗಣಿಯ ಬಾಯಿಗೆ ಕಾಂಕ್ರೀಟು ಸುರಿದರು.
ದೀಪವನ್ನು ಅವನು ವಾಪಸು ಕೊಡಲಿಲ್ಲ.
ಅಡುಗೆಮನೆಯಲ್ಲಿ, ಕಾಫಿ ಡಬ್ಬಿಯ ಪಕ್ಕ ಇಟ್ಟ.
ಅಜ್ಜಿ ಬಯ್ಯುತ್ತಲೇ ಅದರ ಧೂಳು ಒರೆಸುತ್ತಿದ್ದಳು.

ತಿರುಪನ್ನು ಕೂದಲೆಳೆಯಷ್ಟು ತಿರುಗಿಸುತ್ತೇನೆ.
ಕತ್ತಲು. ಇನ್ನಷ್ಟು ಕತ್ತಲು.
ಬಂತು.
ಮೈತುಂಬ ಅಲ್ಲ, ನಡುವಲ್ಲೂ ಅಲ್ಲ;
ಒಂದೇ ತುದಿಯಲ್ಲಿ, ಒಳಪೊರೆಗೆ ಬೆನ್ನು ಆನಿಸಿ,
ಪಾಳಿ ಬದಲಾಗುವ ಹೊತ್ತಿನ ಗಣಿಯವರ ಹಾಗೆ ಗುಂಪಾಗಿ.

ಯಾವ ತುದಿ? ಹಳೆಯದು.
ಒಂದು ಜೀವ ಎರಡಾಗುವಾಗ ನಡುವೆ ಗೋಡೆ ಏಳುತ್ತದೆ,
ಇಬ್ಬರಿಗೂ ಒಂದೊಂದು ಹೊಸ ತುದಿ.
ಇನ್ನೊಂದು ತುದಿ ಅಮ್ಮನದು, ಅಥವಾ ಅವಳಮ್ಮನದು,
ಎಷ್ಟು ಹಿಂದಿನದೋ.
ಕುಲುಮೆ ಅಲ್ಲೇ.
ಅರ್ಧ ಸಿದ್ಧವಾದ ಇಕ್ಕಳ ಒಳಪೊರೆ ದಾಟಿ
ಎರಡು ಪೊರೆಗಳ ನಡುವಿನ ಓಣಿಯಲ್ಲಿ ಬಣ್ಣ ಪಡೆದು
ಹಳದಿ ಹಸಿರಾಗಿ ಹೊರಗೆ ಹೊರಡುತ್ತದೆ.

ಆ ಹಸಿರು ನನಗೆ ಗೊತ್ತು.
ಕೊನೆಯ ಚಳಿಗಾಲ ನೋನ್ನೊನ ಕರವಸ್ತ್ರದಲ್ಲಿತ್ತು.
ಮೆಟ್ಜ್‌ನ ವೈದ್ಯೆ ಇವುಗಳ ಹೆಸರನ್ನೇ ಹೇಳಿದಳು,
ಉದ್ದದ ಲ್ಯಾಟಿನ್ ಹೆಸರು, ಅವನು ಅದನ್ನು
ದೂರದ ನೆಂಟರ ಹೆಸರೇನೋ ಎಂಬಂತೆ ಕೇಳಿಸಿಕೊಂಡ.
ಮೂವತ್ತನಾಲ್ಕು ವರ್ಷ ಕಬ್ಬಿಣ ತೋಡಿದವನ ಎದೆಗೆ
ಕಬ್ಬಿಣ ತೋಡುವವರು ಇಳಿದಿದ್ದರು.
ಹೇಳಿದ್ದರೆ ನಗುತ್ತಿದ್ದ,
ಸಂಘಕ್ಕೆ ಚಂದಾ ಕಟ್ಟಿದ್ದಾರೇನೇ ಒರ್ನೆಲ್ಲಾ, ಎಂದು ಕೇಳುತ್ತಿದ್ದ.
ಹೇಳಲಿಲ್ಲ. ನನಗಾಗ ಹತ್ತೊಂಬತ್ತು. ಪರೀಕ್ಷೆಯಿತ್ತು.
ಇದೆಲ್ಲ ನನಗೇ ತಿಳಿದದ್ದೂ ಆಮೇಲೆ.

ಈ ಗಾಜಿನ ಮೇಲಿರುವುದು ಅವನ ಎದೆಯದಲ್ಲ.
ಯಾರದೋ ಗಾಯದ್ದು, ಎಲ್ಲಿಯದೋ,
ಮಂಜಿನ ಪೆಟ್ಟಿಗೆಯಲ್ಲಿ ಕೈಯಿಂದ ಕೈಗೆ ಬಂದದ್ದು.
ಅದನ್ನು ನಾನು ನೆನಪಿಟ್ಟುಕೊಳ್ಳಬೇಕು.

ಪಕ್ಕದ ಸೀಸೆಯದು ಬೇರೆ ಕತೆ.
ನಿನ್ನೆ ಸಂಜೆಯೇ ಅದಕ್ಕೆ ಕಬ್ಬಿಣದ ಲವಣ ಹಾಕಿಟ್ಟಿದ್ದೆ,
ಬೇಕಾದಷ್ಟು, ಅಗ್ಗದ್ದು.
ಅದರಿಂದ ಒಂದು ಹನಿ ತೆಗೆದು ನೋಡುತ್ತೇನೆ:
ಅವೇ ಜೀರಿಗೆ ಕಾಳು, ಕೊಬ್ಬಿವೆ, ಚೆನ್ನಾಗಿವೆ.
ದೀಪ ಒಂದೂ ಇಲ್ಲ.
ಕುಲುಮೆ ಹೂಡಿಯೇ ಇಲ್ಲ.
ಇವಕ್ಕೆ ಶುಕ್ರವಾರವಿಲ್ಲ, ಅಡುಗೆಮನೆಯ ಗೂಡೂ ಇಲ್ಲ;
ಆ ಎರಡನ್ನೂ ತಂದು ಸೇರಿಸುವವಳು ನಾನು.

ನನ್ನ ರಕ್ತದಲ್ಲೂ ಕಬ್ಬಿಣ ಕಡಿಮೆಯಂತೆ.
ಕಪ್ಪು ಮಾತ್ರೆ, ದಿನಕ್ಕೊಂದು, ಚಹಾದ ಜೊತೆ ಬೇಡ.
ಕಬ್ಬಿಣದ ಕಡಲೆ ಎಂದರೆ ಇದೇ ಇರಬೇಕು,
ನೀರು ಕುಡಿದು ನುಂಗುತ್ತೇನೆ.

ಟಿಪ್ಪಣಿ ಪುಸ್ತಕದಲ್ಲಿ ಬರೆದೆ:
ಜಾಗ, ಹಳೆಯ ತುದಿ.
ಯಾಕೆ ಅಲ್ಲೇ, ಗೊತ್ತಿಲ್ಲ.
ಬೆಳಗಿನ ಮೊದಲ ಟ್ರಾಮು ಬಂತು. ಚಿತ್ರ ಕದಡಿತು.
ಇನ್ನೊಮ್ಮೆ ತೆಗೆಯಬೇಕು.