ಬಿಗಿ

ಚೀಟಿಯಲ್ಲಿ ಬರೆದದ್ದು ಇಷ್ಟು:
ಖೈರುನ್‌ಬಿ, ನಲವತ್ತೊಂಬತ್ತು, ಮಂಡಕ್ಕಿ ಭಟ್ಟಿ, ದಾವಣಗೆರೆ.
ಸಕ್ಕರೆ ಕಾಯಿಲೆ ಹನ್ನೊಂದು ವರ್ಷ. ಮೂತ್ರದಲ್ಲಿ ನೊರೆ.

ನಾನು ಡಾಕ್ಟರಲ್ಲ.
ಮೇಣದಲ್ಲಿ ಹುದುಗಿದ ಚೂರನ್ನು
ಈರುಳ್ಳಿ ಪೊರೆಗಿಂತ ತೆಳ್ಳಗೆ ಕೊಯ್ದು
ಗಾಜಿನ ಮೇಲೆ ಕೂರಿಸಿ ಬಣ್ಣ ಕುಡಿಸುವವನು.
ಇಪ್ಪತ್ತೆರಡು ವರ್ಷದಿಂದ ಇದೇ ಸ್ಟೂಲು.

ಕಣ್ಣಿಟ್ಟರೆ ಮೊದಲು ಕಾಣುವುದು ಉಂಡೆ,
ನೂಲಿನಂತೆ ಸುತ್ತಿಕೊಂಡ ಸಣ್ಣ ರಕ್ತನಾಳ.
ಹೃದಯ ತಳ್ಳುತ್ತದೆ, ಉಂಡೆ ಉಬ್ಬುತ್ತದೆ,
ತಳ್ಳುತ್ತದೆ, ಉಬ್ಬುತ್ತದೆ,
ಮಲಗಿದಾಗಲೂ, ಯಾರನ್ನೋ ಬೈಯುವಾಗಲೂ.
ಹೊರಗಿನಿಂದ ಅದನ್ನು ತಬ್ಬಿದ ಕೋಶಗಳಿಗೆ
ಪಾದಗಳಿವೆ. ಒಂದರ ಬೆರಳ ಸಂದಿಗೆ
ಇನ್ನೊಂದರ ಬೆರಳು. ನಡುವೆ ಸೀಳು.
ನೀರು ಇಳಿಯಲಿ, ಉಪ್ಪು ಇಳಿಯಲಿ, ನಿನ್ನೆಯ ಕೊಳೆ ಇಳಿಯಲಿ,
ಪ್ರೋಟೀನು ಮಾತ್ರ ಒಳಗೇ ಇರಲಿ.

ಪಾದ ನನ್ನ ಮಸೂರಕ್ಕೆ ಸಿಗುವುದಿಲ್ಲ.
ಮಣಿಪಾಲಕ್ಕೆ ಕಳಿಸಿದ ಚೂರಿನ ಫೋಟೊ
ಮೂರು ವಾರಕ್ಕೆ ಬಂತು, ಕಪ್ಪು ಬಿಳುಪು.
ಬೆರಳುಗಳೇ ಇಲ್ಲ.
ಕೆಸರಲ್ಲಿ ಜಾರಿದ ಹೆಜ್ಜೆಯಂತೆ ಚಪ್ಪಟೆ.
ಕೆಳಗಿನ ಪೊರೆಯೋ, ಎರಡರಷ್ಟು ದಪ್ಪ,
ಆದರೂ ಸೋರುತ್ತದೆ.
ದಪ್ಪಗಾದದ್ದು ಹೇಗೆ ಸೋರುತ್ತದೆಂದು
ಇಷ್ಟು ವರ್ಷ ಯಾರನ್ನೂ ಕೇಳಿರಲಿಲ್ಲ ನಾನು.

ರಿಪೋರ್ಟಿಗೆ ಅವಳೇ ಬಂದಳು.
ಮುಂಗೈ ತುಂಬ ಸುಟ್ಟ ಕಲೆ,
ಬಾತ ಪಾದಕ್ಕೆ ಚಪ್ಪಲಿಯ ಪಟ್ಟಿ ಹೂತುಹೋಗಿತ್ತು.
ಫೋಟೊ ಇಸಿದುಕೊಂಡು ತಲೆಕೆಳಗು ಮಾಡಿ ನೋಡಿ
"ಜರಡಿ ಐತಲ್ರೀ ಇದು" ಅಂದಳು,
"ಬಿಗಿ ಹೋದ ಜರಡಿ.

"ಕಾದ ಮರಳು ಬಿದ್ದು ಬಿದ್ದು ತಂತಿ ಜೋಲು ಬೀಳ್ತೈತಿ,
ಕಣ್ಣು ಅಗಲ ಆಕ್ಕಾವು,
ಮರಳಿನ ಸಂಗಡ ಮಂಡಕ್ಕೀನೂ ಇಳೀತೈತಿ.
ಹೊಸಬರು ಮೇಲೆ ಮತ್ತೊಂದು ತಂತಿ ಹೆಣೀತಾರ.
ದಪ್ಪ ಆಗ್ತೈತಿ ಖರೆ, ನಿಲ್ಲಂಗಿಲ್ಲ.
ಮೊಳೆ ಬಿಚ್ಚಿ ನಾಕೂ ಕಡೀಗೆ ಎಳೀಬೇಕ್ರೀ.
ಬಿಗಿ ಇದ್ರ ತೂತು ತೂತಿನಂಗ ಇರತೈತಿ."

ಮಧ್ಯಾಹ್ನ ಡಾಕ್ಟರ್ ವನಮಾಲಾ ಅವರನ್ನು ಕೇಳಿದೆ.
ಟಿಫಿನ್ ಮುಚ್ಚಳ ತೆರೆಯುತ್ತ ಹೇಳಿದರು:
ಪೊರೆ ಗೋಡೆಯಲ್ಲ, ಲೋಳೆ.
ಒಳಗಿನ ಒತ್ತಡ ಒಂದು ಕಡೆ, ಪಾದಗಳ ಒತ್ತು ಇನ್ನೊಂದು ಕಡೆ,
ನಡುವೆ ಅಮುಕಿದಷ್ಟು ಹೊತ್ತು ಎಳೆ ಎಳೆ ಒತ್ತಾಗಿ ನಿಲ್ಲುತ್ತದೆ.
ಪಾದ ಸಡಿಲಿದರೆ ಲೋಳೆ ಹಿಗ್ಗುತ್ತದೆ, ದಾರಿ ಬಿಡುತ್ತದೆ.
ಹೀಗೆ ಕೆಲವರು ಅನ್ನುತ್ತಾರೆ.
ಜಗಳ ಇನ್ನೂ ಮುಗಿದಿಲ್ಲ.

ಉದುರಿದ ಕೋಶಕ್ಕೆ ಬದಲಿ ಹುಟ್ಟುವುದು ಅಪರೂಪವಂತೆ.
ಪಕ್ಕದ್ದು ಕಾಲು ಅಗಲಿಸಿ ಜಾಗ ಮುಚ್ಚುತ್ತದೆ.
ಭಟ್ಟಿಯಲ್ಲಿ ಒಬ್ಬಳು ಬಾರದ ದಿನ
ಪಕ್ಕದವಳು ಎರಡು ಜರಡಿ ಹಿಡಿದಂತೆ.
ಹಿಡಿದು ಹಿಡಿದು
ಅವಳೂ.

ಕೊಟ್ಟದ್ದು ಒತ್ತಡ ಇಳಿಸುವ ಮಾತ್ರೆ.
ಈ ಚೌಕಟ್ಟಿಗೆ ಮೊಳೆಯಿಲ್ಲ, ಬಿಚ್ಚಿ ಎಳೆಯಲಾಗದು,
ಮರಳು ಸುರಿಯುವ ಕೈಯನ್ನು
ನಿಧಾನ ಮಾಡಬಹುದು.
ಇದನ್ನು ಅವಳಿಗೆ ಹೇಳಬೇಕೆಂದುಕೊಂಡೆ.
ಪಾಳಿ ಇದೆಯೆಂದು ಆಗಲೇ ಹೊರಟುಹೋಗಿದ್ದಳು.

ಸ್ಟೂಲಿನ ಪಕ್ಕ ಪೇಪರಿನ ಪೊಟ್ಟಣ ಬಿಟ್ಟಿದ್ದಳು, ಇನ್ನೂ ಬಿಸಿ.
ಒಂದು ಹಿಡಿ ಬಾಯಿಗೆ ಹಾಕಿಕೊಂಡೆ.
ಹಲ್ಲಿಗೆ ಸಿಕ್ಕಿತು
ಒಂದೇ ಒಂದು ಹರಳು ಮರಳು.