ಹದಿನಾರು ಅಂಕದ ಪ್ರಶ್ನೆ

ಹಾಸನ, ಕಲಾ ಕಾಲೇಜು, ಮೌಲ್ಯಮಾಪನದ ಮೂರನೇ ದಿನ.
ಕಿರುಗುಡುವ ಫ್ಯಾನು, ಕೆಂಪು ಪೆನ್ನು, ಕೆನೆಗಟ್ಟಿದ ಟೀ.
ಪ್ರಶ್ನೆ ಏಳು:
ಆಧುನಿಕ ಸೈನಿಕ ಹಸ್ತಕ್ಷೇಪವೊಂದನ್ನು
ವಿಮರ್ಶಾತ್ಮಕ ಸಿದ್ಧಾಂತದ ಬೆಳಕಿನಲ್ಲಿ ಪರಿಶೀಲಿಸಿ.
ಕೀ ಉತ್ತರ ನನ್ನದೇ:
ಯಜಮಾನಿಕೆಗೆ ನಾಲ್ಕು, ಸಾರ್ವಭೌಮತ್ವಕ್ಕೆ ನಾಲ್ಕು,
ವಿಮೋಚನೆಗೆ ನಾಲ್ಕು,
ಉದಾಹರಣೆಗೆ ನಾಲ್ಕು; ಲಿಬಿಯಾ ಅಥವಾ ಇರಾಕ್.

ಎಲ್ಲರೂ ಲಿಬಿಯಾವನ್ನೇ ಉರು ಹೊಡೆದಿದ್ದಾರೆ,
ನನ್ನ ನೋಟ್ಸಿನ ಕಾಗುಣಿತದ ತಪ್ಪು ಸಮೇತ.
ಬಾಂಬು ಹಾಕಲಾಯಿತು. ಪ್ರಜೆಗಳನ್ನು ರಕ್ಷಿಸಲಾಯಿತು.
ಅಷ್ಟು ದೊಡ್ಡ ಯುದ್ಧಕ್ಕೆ ಒಬ್ಬನಾದರೂ ಕರ್ತೃ ಬೇಡವೇ,
ಬರೀ ಕರ್ಮಣಿ ಪ್ರಯೋಗ.

ಆಮೇಲೆ ಇದು. ಹೆಸರಿಲ್ಲ, ನಂಬರು ಮಾತ್ರ,
ಎಡಕ್ಕೆ ವಾಲುವ ದುಂಡು ಅಕ್ಷರ:

"ನಮ್ಮ ದೊಡ್ಡಪ್ಪ ಹವಾಲ್ದಾರ್ ಹೊಂಬಾಳಯ್ಯನವರು
ಎಂಬತ್ತೇಳರಲ್ಲಿ ಶಾಂತಿಪಾಲನೆಗೆಂದು ಜಾಫ್ನಾಕ್ಕೆ ಹೋದವರು.
ಈಗ ಎಪಿಎಂಸಿ ಯಾರ್ಡಿನ ತೂಕದ ಮನೆಯಲ್ಲಿ ಕಾವಲು;
ಜಲಂಧರದ ಬಿತ್ತನೆ ಆಲೂಗಡ್ಡೆ ಬಂದರೆ ಚೀಟಿ ಬರೆಯುತ್ತಾರೆ.
ತೆಂಕಣದವನು, ಆ ಭಾಷೆ ಬಂದೇ ಬರುತ್ತೆ ಅಂತ
ಸಾಹೇಬರು ಪ್ರತಿ ಬಾಗಿಲಿಗೂ ಇವರನ್ನೇ ಮುಂದೆ ಬಿಟ್ಟರಂತೆ.
ಕಲಿಸಿದ್ದು ಮೂರೇ ಮಾತು.
ಕದವೈ ತಿರ. ವೆಳಿಯೇ ವಾ. ಕೈಯೈ ತೂಕ್ಕು.
ಕದ, ತೆರೆ, ಬಾ, ಕೈ, ಎಲ್ಲ ನಮ್ಮ ಮನೆಯವೇ ಪದ,
ನಾಲಿಗೆ ಎಡವಲಿಲ್ಲವಂತೆ.

ಮೊದಲ ವಾರ ಒಬ್ಬಳು ಮುದುಕಿ ಎರಡೂ ಕೈಯೆತ್ತಿ ನಿಂತು
ಅಮೈದಿಪ್ಪಡೈ ತಾನೇ, ಅಮೈದಿಪ್ಪಡೈ ತಾನೇ ಎಂದಳು.
ಪಡೆ ಎಂದರೆ ಪಡೆ, ಅಷ್ಟು ತಿಳಿಯಿತು.
ಅಮೈದಿ ತಿಳಿಯಲಿಲ್ಲ.
ಎದುರಾಳಿಗಳ ಗುಂಪಿನ ಹೆಸರಿರಬೇಕೆಂದು ಹುಡುಕಿದರು:
ಅಕ್ಕಿಯ ಡಬ್ಬಿ, ದೇವರ ಮೂಲೆ, ಬಾವಿಯ ಒಳಗೆ.
ಎಲ್ಲೂ ಸಿಗಲಿಲ್ಲ.

ವಾಪಸು ಬರುವ ಹಡಗಿನಲ್ಲಿ ಮದ್ರಾಸಿನ ಅಡುಗೆಯವನು
ಅರ್ಥ ಹೇಳಿದ: ಶಾಂತಿ.

ಇಲ್ಲಿ ಹಮಾಲರಿಗೆ 'ತೂಕ' ಎನ್ನುವಾಗ ಈಗಲೂ
ದೊಡ್ಡಪ್ಪ ಒಂದು ಗಳಿಗೆ ತಡೆಯುತ್ತಾರೆ.
ಎದುರಿಗಿದ್ದವರು ಕೈಯೆತ್ತಿಬಿಟ್ಟರೆ ಎಂದು ಭಯವಂತೆ.
ವೇಳೆ ಸಾಲಲಿಲ್ಲ ಸರ್."

ಪೆನ್ನು ಹಿಡಿದೇ ಕೂತಿದ್ದೇನೆ.
ಯಜಮಾನಿಕೆ ಎಂಬ ಪದ ಹುಡುಕಿದರೂ ಇಲ್ಲ.
ಹದಿನೇಳು ವರ್ಷದ ನನ್ನ ಪಾಠದಲ್ಲಿ
ಕಡಲಾಚೆಯ ದೊಡ್ಡಣ್ಣಂದಿರು ಹಾಕಿದ್ದು ಮಾತ್ರ ಕೈ.
ನಮ್ಮದು ಸಹಾಯಹಸ್ತ;
ಅದಕ್ಕೆ ಬೇರೆ ಘಟಕ, ಬೇರೆ ಸೆಮಿಸ್ಟರು.

ಪಕ್ಕದ ಫರ್ಹತ್ ಮೇಡಂ ಇಣುಕಿದರು:
"ಸಿಲಬಸ್ಸಲ್ಲಿಲ್ಲ ಸರ್, ಐದು ಕೊಟ್ಟು ಮುಗಿಸಿ."
ಹೊರಗೆ ಬಿ.ಎಂ. ರಸ್ತೆಯಲ್ಲಿ
ಆಲೂಗಡ್ಡೆ ಲಾರಿಯೊಂದು ಗೇರು ಬದಲಿಸುತ್ತಿದೆ.

ಅಂಕಪಟ್ಟಿಯ ತುದಿಯಲ್ಲಿ ಅಚ್ಚಾಗಿದೆ:
ಪರಿಶೀಲಿಸಿ ಅಂಕ ನೀಡಲಾಗಿದೆ.
ಅದರ ಕೆಳಗೊಂದು ಗೆರೆ, ಸಹಿಗೆ.
ಅಲ್ಲಿ ಮಾತ್ರ
ಕರ್ತೃ ಬೇಕು.