ಇಪ್ಪತ್ತೆರಡು ಸೆಕೆಂಡು

ದಾವಣಗೆರೆ, ಮಂಡಿಪೇಟೆ ಹಿಂದಿನ ಓಣಿ.
ದಾದಾಪೀರನ ಅಂಗಡಿಯಲ್ಲಿ ಸತ್ತ ರೇಡಿಯೋಗಳು,
ಹೊಟ್ಟೆ ಬಿಚ್ಚಿಕೊಂಡ ಮಿಕ್ಸರು, ಬೆಸುಗೆಯ ಹೊಗೆ.
ಸ್ಟೂಲಿನ ಮೇಲೆ ನಾನು, ತೊಡೆಯ ಮೇಲೆ ಕೆಂಪು ಗಿಟಾರು,
ಕಾಲ ಬಳಿ ಮೂರು ಡಬ್ಬಿ.

ಎರಡನೇ ಚರಣಕ್ಕೆ ಮುಂಚೆ
ನನಗೆ ಇಪ್ಪತ್ತೆರಡು ಸೆಕೆಂಡು ಕೊಡುತ್ತಾರೆ.
ಅಷ್ಟರಲ್ಲಿ ನಾನು ಕೇಳಿಸಬೇಕು.
ಕೊಟ್ರೇಶನ ಕೀಬೋರ್ಡು ಬಸ್ಸಿನ ಮೂರು ಸೀಟಿನಲ್ಲಿ
ಕಾಲು ಚಾಚಿ ಮಲಗಿದವನ ಹಾಗೆ, ಏಳುವುದೇ ಇಲ್ಲ.
ಪ್ಯಾಡು ಬಡಿಯುವ ಉಜ್ಜಿನಪ್ಪನಿಗೆ
ಮೆಲ್ಲಗೆ ಅನ್ನುವುದು ಬೈಗುಳ.
ಹೋದ ತಿಂಗಳು ಹರಿಹರದ ರಿಸೆಪ್ಶನ್ನಿನಲ್ಲಿ
ಕಣ್ಣು ಮುಚ್ಚಿ, ತಂತಿ ಎಳೆದು, ಜೀವ ಬಿಟ್ಟು ಬಾರಿಸಿದೆ.
ಇಳಿದು ಬಂದರೆ ಅನಸೂಯ,
ನನ್ನಿಂದ ಮೂರೇ ಅಡಿ ದೂರ ನಿಂತು ಹಾಡಿದವಳು:
"ಇವತ್ತು ಯಾಕಣ್ಣಾ, ಸೋಲೋ ಬಿಟ್ಟುಬಿಟ್ರಿ?"

ಮೊದಲನೆಯದು ಬಿಳಿ ಡಬ್ಬಿ, ಒಂದೇ ಗುಂಡಿ.
"ಇದ್ದದ್ದನ್ನ ಇದ್ದಂಗೇ ದೊಡ್ಡದು ಮಾಡುತ್ತೆ" ಅಂದ.
ಒತ್ತಿದೆ. ನಿಜ.
ಸ್ವರ ದೊಡ್ಡದಾಯಿತು. ಜೊತೆಗೆ
ನನ್ನ ಕಿರುಬೆರಳಿನ ಸೋಮಾರಿತನ,
ತುಕ್ಕು ಹಿಡಿದ ಮೂರನೇ ತಂತಿ,
ಟ್ಯೂಬ್‌ಲೈಟಿನ ಗುಂಯ್.
ಹದಿನೆಂಟು ವರ್ಷ ಯಾರಿಗೂ ಕೇಳಿಸದೆ ಹೋದದ್ದು
ಎಷ್ಟೋ ರಾತ್ರಿ ನನ್ನ ಪುಣ್ಯವೇ ಇರಬೇಕು.
ಬೆಲೆ ಆರು ಮದುವೆ.
(ಎಲ್ಲದರ ಬೆಲೆಯನ್ನೂ ನಾವು ಮದುವೆಯಲ್ಲೇ ಎಣಿಸುವುದು.
ನನ್ನ ಸ್ಕೂಟರು ನಲವತ್ತು ಮದುವೆ, ಎರಡು ಗಣಪತಿ.)

ಎರಡನೆಯದು ಹಸಿರು.
ಬಾರಿಸಿದರೆ ಗಿಟಾರಿಗೆ ನೆಗಡಿ ಬಂದ ಹಾಗೆ.
"ಒಂದನ್ನೇ ಕೇಳಬ್ಯಾಡೋ" ಅಂದವನೇ ದಾದಾಪೀರ
ರಿಪೇರಿಗೆ ಬಂದ ಇನ್ನೊಂದು ಮಿಕ್ಸರು ಚಾಲೂ ಮಾಡಿದ,
ಮೊಬೈಲಲ್ಲಿ ಯಾವುದೋ ಡೋಲು ಹಚ್ಚಿದ:
"ಈಗ ಬಾರ್ಸು."
ಆ ರಣಗದ್ದಲದ ಸಂದಿಯಿಂದ
ಬಸ್ ಸ್ಟ್ಯಾಂಡಿನ ಕಂಡಕ್ಟರು
ಹೊನ್ನಾಳಿ ಹೊನ್ನಾಳಿ ಹೊನ್ನಾಳಿ ಅಂದ ಹಾಗೆ
ಬಂತು ನನ್ನ ದನಿ.
ಅವನು ಜೋರಾಗಿ ಕೂಗುವುದಿಲ್ಲ, ಮೂಗಲ್ಲಿ ಕೂಗುತ್ತಾನೆ;
ಉಳಿದವರು ಬಿಟ್ಟ ಜಾಗದಲ್ಲಿ ಕೂಗುತ್ತಾನೆ.

ಮೂರನೆಯದು ಅವನೇ ಕಟ್ಟಿದ್ದು,
ಅಡಿಕೆಪುಡಿ ಡಬ್ಬಿಯೊಳಗೆ. ಬಣ್ಣ ಇನ್ನೂ ಅಂಟುತ್ತಿತ್ತು.
ಅದರ ಬಗ್ಗೆ ಅವನೊಂದು ಮಾತೂ ಆಡಲಿಲ್ಲ,
ಟೀ ತರಿಸಿದ, ಪೇಪರಿನ ಮೇಲೆ ಮಂಡಕ್ಕಿ ಸುರಿದ.
ಅವನ ಅಣ್ಣನ ಭಟ್ಟಿಯದು, ಇನ್ನೂ ಬೆಚ್ಚಗಿತ್ತು.
ಕಾದ ಮರಳಿಗೆ ಬಿದ್ದ ಅಕ್ಕಿ
ಕಣ್ಣು ಮಿಟುಕಿಸುವುದರೊಳಗೆ ಒಂದಕ್ಕೆ ಎಂಟಾಗುತ್ತದೆ,
ತೂಕ ಮಾತ್ರ ಒಂದು ಗುಲಗಂಜಿ ಏರುವುದಿಲ್ಲ.
ಫ್ಯಾನು ತಿರುಗಿತು. ಅರ್ಧ ಮಂಡಕ್ಕಿ ಹಾರಿ
ಬೆಸುಗೆಯ ತಂತಿಗಳ ಮೇಲೆ ಕೂತಿತು.

"ಎಲ್ಲಿಡಲಿ ಇದನ್ನ, ಡಿಸ್ಟಾರ್ಷನ್ನಿಗೆ ಮೊದಲೋ, ಆಮೇಲೋ?"
"ಮೊದಲಿಟ್ಟರೆ ಖಾರ ಏರುತ್ತೆ, ಆಮೇಲಿಟ್ಟರೆ ಸದ್ದು.
ನೋಡು, ಅಕ್ಕಿ ಹುರಿಯೋಕೆ ಮುಂಚೇನೇ ಉಪ್ಪುನೀರು ಕುಡಿದಿರುತ್ತೆ.
ಅರಳಿದ ಮೇಲೆ ಉದುರಿಸಿದರೆ ಉಪ್ಪು ತಳದಲ್ಲೇ."
ಇದು ಉತ್ತರವೋ ಅಲ್ಲವೋ ಇವತ್ತಿಗೂ ಗೊತ್ತಿಲ್ಲ.
ಹಸಿರನ್ನೇ ತಂದೆ. ಮೂರು ಮದುವೆ.
ಅಡಿಕೆಪುಡಿ ಡಬ್ಬಿಯನ್ನು ಅವನು ಬ್ಯಾಗಿಗೆ ತುರುಕಿದ,
"ಇರಲಿ, ಸುಮ್ನೆ."

ಭಾನುವಾರ. ಒತ್ತಿದೆ.
ಪಾಯಸದ ಬಕೆಟ್ಟು ಹಿಡಿದ ಹುಡುಗನೊಬ್ಬ
ಎರಡು ಎಲೆಗಳ ನಡುವೆ ನಿಂತುಬಿಟ್ಟ,
ಸೌಟು ತೊಟ್ಟಿಕ್ಕುತ್ತಾ.
ಕೊಟ್ರೇಶ ಕೂಡ ಒಂದು ಕೈ ಎತ್ತಿದ ಅಂತ ನೆನಪು.

ಆರಿಸುವುದಕ್ಕೆ ಮೂರು ತಾಸು ಕೂತಿದ್ದೆ,
ಆರಿಸುವುದನ್ನು ಅಭ್ಯಾಸ ಮಾಡಿರಲಿಲ್ಲ.
ಇಪ್ಪತ್ತಮೂರನೇ ಸೆಕೆಂಡು, ಇಪ್ಪತ್ತನಾಲ್ಕು,
ಚರಣ ಶುರುವಾಗಿ ಅನಸೂಯಳ ತುಟಿ ಆಡುತ್ತಿದೆ
ಹೊನ್ನಾಳಿ ಹೊನ್ನಾಳಿ ಅನ್ನುತ್ತಲೇ ಇದ್ದೇನೆ ನಾನು,
ಕತ್ತಲಲ್ಲಿ ಬೂಟುಗಾಲು ಡಬ್ಬಿ ಹುಡುಕುತ್ತಿದೆ.
ಅವಳು ಮೈಕಿನಿಂದ ಮುಖ ತಿರುಗಿಸಿ
ನನ್ನ ಕಾಲನ್ನೇ ನೋಡುತ್ತಿದ್ದಾಳೆ.